ನಮ್ಮ ನಡುವೆ ಇರುವ ನೆರೆಯವರು: ಸಲಿಂಗಪ್ರೇಮಿಗಳ ಹಕ್ಕುಗಳನ್ನು ಕುರಿತ ಒಂದು ಪಾಠ

ಹೋದ ಮಳೆಗಾಲದಲ್ಲಿ ಒಂದು ಸಾಯಂಕಾಲ ಸಭೆಯವರು ಪಾಠಕ್ಕಾಗಿ ಕೂಡಿದ್ದಾಗ ಹಿರಿಯರಲ್ಲೊಬ್ಬರು ನಮ್ಮನ್ನು ನೋಡಿ, "ಉಪದೇಶಿಯವರೇ, ಈಗ ಗಂಡಸಿಗೂ ಗಂಡಸಿಗೂ ಸರಕಾರವೇ ಮದುವೆ ಮಾಡಿಸುತ್ತದಂತೆ, ಹೌದೋ? ನಾಳೆ ನಮ್ಮ ಅಯ್ಯನವರಿಗೂ ಮಾಡಿಸಿರೆಂದು ಅಪ್ಪಣೆ ಬಂದರೆ ಏನು ಗತಿ?" ಎಂದು ಕೇಳಿದರು. ಯೌವನಸ್ಥರು ನಕ್ಕರು. ಒಬ್ಬನು ಎದ್ದು ಸಿನೆಮಾದವರ ಹಾಗೆ ಕೈ ತಿರುಗಿಸಿ ನಡೆದು ತೋರಿಸಿದನು; ನಗೆಯು ಇನ್ನೂ ಹೆಚ್ಚಿತು. ಹಿಂದಿನ ಗೋಡೆಗೆ ಒರಗಿ ಕೂತಿದ್ದ ಒಬ್ಬ ತಾಯಿ ಮಾತ್ರ ನಗಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನೆಲವನ್ನೇ ನೋಡುತ್ತಿದ್ದಳು. ಪಾಠ ಮುಗಿದಾಗ ಎಲ್ಲರಿಗಿಂತ ಮುಂಚೆ ಎದ್ದು ಹೋದಳು.

ಆಕೆಯ ದುಃಖದ ಕಾರಣವನ್ನು ನಾವು ಕೇಳಲಿಲ್ಲ. ಇಲ್ಲಿ ಊಹಿಸುವದೂ ಇಲ್ಲ. ಆದರೆ ಅಂದು ರಾತ್ರಿ ಮನೆಗೆ ನಡೆಯುತ್ತಾ, ಆ ಒಂದು ನಗೆಯಿಂದ ನಮ್ಮಲ್ಲಿ ಒಬ್ಬರು ಹೊರಗಾದರಲ್ಲವೇ ಎಂದು ನೆನಸಿದೆವು. ಹಿರಿಯರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವದು ನಮ್ಮ ಕರ್ತವ್ಯವಾಗಿತ್ತು, ನಾವು ಕೊಡಲಿಲ್ಲ. ಆದಕಾರಣ ಈ ತಿಂಗಳ ಪಾಠವನ್ನು ಅದಕ್ಕಾಗಿಯೇ ಬರೆದಿದ್ದೇವೆ. ಈ ಜನರು ಯಾರು, ಇದು ರೋಗವೋ, ಕಾನೂನು ಏನು ಹೇಳುತ್ತದೆ, ಕಥೆಗಳಲ್ಲಿಯೂ ಆಟಗಳಲ್ಲಿಯೂ ಇವರು ಹೇಗೆ ತೋರಿಸಲ್ಪಡುತ್ತಾರೆ, ನಮ್ಮ ಮನೆಗಳಲ್ಲಿ ನಡೆಯತಕ್ಕದ್ದೇನು ಎಂಬ ಐದು ಸಂಗತಿಗಳನ್ನು ಕ್ರಮವಾಗಿ ನೋಡೋಣ.

೧. ಇವರು ಯಾರು?

ಸಲಿಂಗಪ್ರೇಮಿಗಳು ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಅದರ ಅರ್ಥವೇನಂದರೆ, ಹೆಚ್ಚಿನ ಗಂಡಸರ ಮನಸ್ಸು ಹೆಂಗಸಿನ ಕಡೆಗೂ ಹೆಚ್ಚಿನ ಹೆಂಗಸರ ಮನಸ್ಸು ಗಂಡಸಿನ ಕಡೆಗೂ ತಿರುಗುವ ಹಾಗೆಯೇ, ಕೆಲವು ಗಂಡಸರ ಮನಸ್ಸು ಗಂಡಸಿನ ಕಡೆಗೆ, ಕೆಲವು ಹೆಂಗಸರ ಮನಸ್ಸು ಹೆಂಗಸಿನ ಕಡೆಗೆ ತಿರುಗುತ್ತದೆ. ಉಡುಪಿನಿಂದಾಗಲಿ ನಡಿಗೆಯಿಂದಾಗಲಿ ಸ್ವರದಿಂದಾಗಲಿ ಇವರನ್ನು ಗುರುತಿಸಲಾಗದು. ಹೊಲ ಉಳುವವರಲ್ಲಿಯೂ ಮಗ್ಗದ ಮುಂದೆ ಕೂತವರಲ್ಲಿಯೂ ಶಾಲೆಯ ಮೇಷ್ಟರಲ್ಲಿಯೂ ಇಂಥವರು ಇದ್ದಾರೆ. ಇದು ಪಟ್ಟಣದವರ ರೂಢಿ, ಹೊರದೇಶದವರಿಂದ ಬಂದ ಚಾಳಿ ಎಂದು ನಮ್ಮಲ್ಲಿ ಅನೇಕರು ನೆನಸುತ್ತಾರೆ. ಅದು ಸರಿಯಲ್ಲ. ಹೊರದೇಶದಿಂದ ಬಂದದ್ದು ಇವರನ್ನು ಶಿಕ್ಷಿಸುವ ಕಾನೂನು. ಅದನ್ನು ಮುಂದೆ ತೋರಿಸುವೆವು.

ಇನ್ನೊಂದು ಭೇದವನ್ನು ಸಹ ತಿಳಿಯತಕ್ಕದ್ದು. ಸವದತ್ತಿಯ ಗುಡ್ಡಕ್ಕೆ ಹೋಗುವ ಜೋಗಪ್ಪಗಳನ್ನು ನಮ್ಮ ಜನರು ಕಂಡಿದ್ದಾರೆ. ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು ತಮ್ಮನ್ನು ಹೆಣ್ಣೆಂದು ತಿಳಿದು ಬಾಳುವವರ ಸಂಗತಿ ಬೇರೆ. ಅವರ ವಿಷಯವಾಗಿ ೨೦೧೪ನೇ ಏಪ್ರಿಲ್ ೧೫ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕು ಅವರಿಗುಂಟೆಂದು ಒಪ್ಪಿತು. ೨೦೨೧ರಲ್ಲಿ ಕರ್ನಾಟಕ ಸರಕಾರವು ತನ್ನ ನೌಕರಿಗಳಲ್ಲಿ ಅವರಿಗೆ ನೂರಕ್ಕೆ ೧ರಂತೆ ಸ್ಥಾನವನ್ನು ಕಾದಿರಿಸಿತು. ಸಲಿಂಗಪ್ರೇಮಿಗಳಾದರೋ, ಗಂಡಸರು ಗಂಡಸರಾಗಿಯೇ ಹೆಂಗಸರು ಹೆಂಗಸರಾಗಿಯೇ ಇರುವವರು. ಇಬ್ಬರಿಗೂ ಬರುವ ಅವಮಾನ ಒಂದೇ ತರದ್ದಾದರೂ ಸಂಗತಿಗಳು ಎರಡು.

೨. ಇದು ರೋಗವೋ?

ಮಗನು ಮದುವೆ ಒಲ್ಲೆನೆಂದರೆ ತಾಯಿತಂದೆಗಳು ಮೊದಲು ಮಂತ್ರವಾದಿಯ ಬಳಿಗೆ ಓಡುವರು. ನಮ್ಮಲ್ಲಿ ಕೆಲವರು ದೆವ್ವ ಬಿಡಿಸುವೆವೆಂದು ಹೇಳುವವರ ಕೂಟಗಳಿಗೆ ಕರಕೊಂಡು ಹೋಗುವರು. ಹಣವುಳ್ಳವರು ಪಟ್ಟಣದ ವೈದ್ಯರನ್ನು ಹುಡುಕುವರು. ವೈದ್ಯಶಾಸ್ತ್ರವು ಈ ವಿಷಯವಾಗಿ ಏನು ಹೇಳುತ್ತದೆಂದು ಕೇಳಿರಿ. ಲೋಕದ ಆರೋಗ್ಯ ಸಂಸ್ಥೆಯು ೧೯೯೦ನೇ ಮೇ ೧೭ರಂದು ತನ್ನ ರೋಗಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿತು. ನಮ್ಮ ದೇಶದ ಮನೋವೈದ್ಯರ ಸಂಘವು ಇದು ಮನೋರೋಗವಲ್ಲವೆಂದು ೨೦೧೮ರಲ್ಲಿ ಬಹಿರಂಗವಾಗಿ ಹೇಳಿತು. ಮಾನಸಿಕ ಆರೋಗ್ಯವನ್ನು ಕುರಿತ ೨೦೧೭ನೇ ಇಸವಿಯ ಕಾನೂನು, ಈ ಕಾರಣದಿಂದ ಯಾರಿಗೂ ಚಿಕಿತ್ಸೆಯಲ್ಲಿ ಭೇದ ಮಾಡಬಾರದೆಂದು ವಿಧಿಸಿದೆ.

ಅದಲ್ಲದೆ, ಈ ಒಲವನ್ನು ಬದಲಾಯಿಸಿ ಕೊಡುವೆವೆಂದು ಹೇಳಿ ಔಷಧ ಕೊಡುವದು, ಕರೆಂಟು ಹಿಡಿಸುವದು, ಕೂಡಿಹಾಕುವದು ಮುಂತಾದವುಗಳನ್ನು ನಿಲ್ಲಿಸಬೇಕೆಂದು ಮದರಾಸು ಹೈಕೋರ್ಟು ೨೦೨೧ರಲ್ಲಿ ಆಜ್ಞಾಪಿಸಿತು. ಅದಕ್ಕನುಸಾರವಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ, ಹಾಗೆ ಮಾಡುವ ವೈದ್ಯನು ತನ್ನ ವೃತ್ತಿಯ ನಿಯಮವನ್ನು ಮುರಿದವನೆಂದು ಎಣಿಸಲ್ಪಡುವನೆಂದು ತಿಳಿಸಿತು. ಹೀಗಿರಲಾಗಿ, ವಾಸಿಮಾಡುವೆವೆಂದು ಹಣ ಕೇಳುವವನು ವೈದ್ಯನಾದರೂ ಮಂತ್ರವಾದಿಯಾದರೂ ಪ್ರಾರ್ಥನೆಯ ಹೆಸರು ಹೇಳುವವನಾದರೂ, ಇಲ್ಲದ ರೋಗಕ್ಕೆ ಮದ್ದು ಮಾರುವವನೇ ಸರಿ. ಮಕ್ಕಳನ್ನು ಬಡಿದು ಉಪವಾಸ ಹಾಕಿ ಬದಲಾಯಿಸಲು ಹೋದವರು ಮಕ್ಕಳ ಒಲವನ್ನು ಬದಲಾಯಿಸಲಿಲ್ಲ, ಮಕ್ಕಳನ್ನು ಕಳಕೊಂಡರು.

೩. ಕಾನೂನು ಹೇಗೆ ಬಂತು, ಹೇಗೆ ಹೋಯಿತು?

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ರಾಜನು ೧೫೩೩ರಲ್ಲಿ ಇಂಥ ಸಂಗಕ್ಕೆ ಮರಣಶಿಕ್ಷೆಯನ್ನು ನೇಮಿಸಿದನು. ಆ ವಿಚಾರವು ಮೂರು ನೂರು ವರುಷಗಳ ತರುವಾಯ ಕಡಲು ದಾಟಿ ಇಲ್ಲಿಗೆ ಬಂತು. ಮೆಕಾಲೆ ಎಂಬವನು ಮುಖ್ಯಸ್ಥನಾಗಿದ್ದ ಆಯೋಗವು ೧೮೩೭ರಲ್ಲಿ ದಂಡಸಂಹಿತೆಯ ಕರಡನ್ನು ಸಿದ್ಧಮಾಡಿತು. ೧೮೬೦ರಲ್ಲಿ ಅದು ಕಾನೂನಾಗಿ ೧೮೬೨ನೇ ಜನವರಿ ೧ರಿಂದ ನಡೆಯತೊಡಗಿತು. ಅದರ ೩೭೭ನೇ ಕಲಮು, ಪ್ರಕೃತಿಯ ಕ್ರಮಕ್ಕೆ ವಿರೋಧವಾದ ಸಂಗ ಮಾಡಿದವನಿಗೆ ಹತ್ತು ವರುಷದ ಸೆರೆಯನ್ನಾಗಲಿ ಜೀವಾವಧಿ ಸೆರೆಯನ್ನಾಗಲಿ ವಿಧಿಸಬಹುದೆಂದಿತು. ಇಬ್ಬರು ಪ್ರಾಯಸ್ಥರು ತಮ್ಮ ಮನಸ್ಸಿನಿಂದ ಒಡಂಬಟ್ಟು, ಯಾರಿಗೂ ಕೇಡು ಮಾಡದೆ, ತಮ್ಮ ಮನೆಯ ಬಾಗಿಲು ಮುಚ್ಚಿಕೊಂಡು ಇದ್ದರೂ ಅವರು ಅಪರಾಧಿಗಳೇ ಆಗಿದ್ದರು. ಈ ಕಲಮಿನಿಂದ ಸೆರೆಮನೆಗೆ ಹೋದವರಿಗಿಂತಲೂ, ಅದರ ಹೆಸರಿನಿಂದ ಬೆದರಿಕೆಗೂ ಲಂಚಕ್ಕೂ ಒಳಗಾದವರೇ ಹೆಚ್ಚು.

ಇಂಗ್ಲೆಂಡಿನವರು ತಮ್ಮ ದೇಶದಲ್ಲಿ ಈ ವಿಷಯವನ್ನು ಮರಳಿ ಯೋಚಿಸಿದರು. ೧೯೫೭ರಲ್ಲಿ ವುಲ್ಫೆಂಡೆನ್ ಎಂಬವರ ಸಮಿತಿಯು, ಪ್ರಾಯಸ್ಥರ ಒಡಂಬಡಿಕೆಯ ಖಾಸಗಿ ನಡತೆ ಅಪರಾಧವಾಗಬಾರದೆಂದು ವರದಿ ಮಾಡಿತು. ೧೯೬೭ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾನೂನನ್ನು ಸಡಿಲಿಸಿತು. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪರಾಗಿದ್ದ ಮೈಕೆಲ್ ರಾಮ್ಸೆಯವರು ಆ ಬದಲಾವಣೆಯನ್ನು ಬೆಂಬಲಿಸಿದರೆಂಬದು ನಮ್ಮ ವಾಚಕರು ನೆನಪಿಡತಕ್ಕ ಸಂಗತಿ. ಅವರು ಆ ನಡತೆಯನ್ನು ಸರಿಯೆಂದು ಬೋಧಿಸಿದವರಲ್ಲ. ಪಾಪವೆಂದು ಎಣಿಸಿದ್ದೆಲ್ಲವನ್ನೂ ಪೋಲೀಸಿನವರ ಕೈಗೆ ಒಪ್ಪಿಸಬಾರದೆಂದು ತಿಳಿದವರು. ಕೊಟ್ಟವರು ಬಿಟ್ಟರೂ ಪಡಕೊಂಡ ನಾವು ಆ ಕಲಮನ್ನು ಇನ್ನೂ ಐವತ್ತು ವರುಷ ಇಟ್ಟುಕೊಂಡೆವು.

ನಮ್ಮ ದೇಶದಲ್ಲಿ ನಾಜ್ ಫೌಂಡೇಶನ್ ಎಂಬ ಸಂಸ್ಥೆಯು ೨೦೦೧ರಲ್ಲಿ ದಿಲ್ಲಿಯ ಹೈಕೋರ್ಟಿಗೆ ಹೋಯಿತು. ೨೦೦೯ನೇ ಜುಲೈ ೨ರಂದು ಆ ಕೋರ್ಟು, ಪ್ರಾಯಸ್ಥರ ಒಡಂಬಡಿಕೆಯ ಸಂಗತಿಯಲ್ಲಿ ೩೭೭ನೇ ಕಲಮು ಸಲ್ಲದೆಂದು ತೀರ್ಪಿತ್ತಿತು. ಆದರೆ ೨೦೧೩ನೇ ದಶಂಬರ ೧೧ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಬದಲಾವಣೆ ಬೇಕಾದರೆ ಪಾರ್ಲಿಮೆಂಟು ಮಾಡಲಿ ಎಂದಿತು. ನಾಲ್ಕು ವರುಷ ಮನುಷ್ಯರಾಗಿ ಎಣಿಸಲ್ಪಟ್ಟವರು ಒಂದೇ ದಿನದಲ್ಲಿ ತಿರಿಗಿ ಅಪರಾಧಿಗಳಾದರು.

ಅನಂತರ ದಾರಿಯನ್ನು ತೆರೆದವರಲ್ಲಿ ನಮ್ಮ ನಾಡಿನವರು ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಚೀಟಿಯ ವಿಷಯವಾಗಿ ಹೂಡಿದ ದಾವೆಯಲ್ಲಿ, ೨೦೧೭ನೇ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಕೂಡಿ, ಪ್ರತಿಯೊಬ್ಬನಿಗೂ ತನ್ನ ಖಾಸಗಿ ಬಾಳಿನ ಹಕ್ಕುಂಟೆಂದೂ ಈ ಒಲವು ಸಹ ಅದಕ್ಕೆ ಸೇರಿದ್ದೆಂದೂ ಹೇಳಿದರು. ಆ ಮಾತಿನ ಆಧಾರದ ಮೇಲೆ ಐವರು ನ್ಯಾಯಾಧೀಶರ ಪೀಠವು ೨೦೧೮ನೇ ಸಪ್ತಂಬರ ೬ರಂದು, ಪ್ರಾಯಸ್ಥರ ಒಡಂಬಡಿಕೆಯ ಸಂಗವು ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತಿತು. ಮೊದಲ ಅರ್ಜಿದಾರರು ನೃತ್ಯಕಲಾವಿದರಾದ ನವತೇಜ್ ಸಿಂಗ್ ಜೋಹರ್. ಅರ್ಜಿ ಹಾಕಿದ ಬೇರೆಯವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಒಬ್ಬರು. ಐವರಲ್ಲೊಬ್ಬರಾದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಎಂಬವರು, ಇಷ್ಟು ಕಾಲ ಅವಮಾನಪಟ್ಟ ಈ ಜನರಿಂದಲೂ ಅವರ ಮನೆಯವರಿಂದಲೂ ಚರಿತ್ರೆಯೇ ಕ್ಷಮೆ ಬೇಡಬೇಕಾಗಿದೆ ಎಂಬರ್ಥದಲ್ಲಿ ಬರೆದರು. ೨೦೨೪ನೇ ಜುಲೈ ೧ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಹೊಸದು ಬಂದಿದೆ. ಅದರಲ್ಲಿ ೩೭೭ನೇ ಕಲಮಿನಂಥದ್ದು ಇಲ್ಲ.

ಇದನ್ನು ತಪ್ಪಾಗಿ ತಿಳಿಯಬಾರದು. ಬಿಡುಗಡೆಯು ೧೮ ವರುಷ ತುಂಬಿ ಮನಃಪೂರ್ವಕವಾಗಿ ಒಡಂಬಟ್ಟವರಿಗೆ. ಮಕ್ಕಳನ್ನು ಕೆಡಿಸುವವನು, ಗಂಡಾಗಲಿ ಹೆಣ್ಣಾಗಲಿ, ೨೦೧೨ನೇ ಇಸವಿಯ ಮಕ್ಕಳ ರಕ್ಷಣೆಯ ಕಾನೂನಿಗೆ ಸಿಕ್ಕುವನು. ಸಲಿಂಗಪ್ರೇಮಿಗಳೆಲ್ಲರೂ ಮಕ್ಕಳಿಗೆ ಅಪಾಯದವರೆಂಬದು ಅನ್ಯಾಯವಾದ ಮಾತು.

೪. ಈಗ ಏನುಂಟು, ಏನಿಲ್ಲ?

ಇನ್ನು ಹಿರಿಯರ ಪ್ರಶ್ನೆಗೆ ಉತ್ತರ. ಸರಕಾರವು ಇಂಥ ಮದುವೆ ಮಾಡಿಸುತ್ತದೆಂಬದು ನಿಜವಲ್ಲ. ೨೦೨೩ನೇ ಅಕ್ಟೋಬರ ೧೭ರಂದು ಸುಪ್ರೀಂ ಕೋರ್ಟು, ಮದುವೆಯು ಸಂವಿಧಾನದ ಮೂಲಹಕ್ಕಲ್ಲವೆಂದೂ, ಇಂಥ ಮದುವೆಗೆ ಕಾನೂನು ಮಾಡುವದು ಶಾಸನಸಭೆಯ ಕೆಲಸವೆಂದೂ ಹೇಳಿತು. ಆ ತೀರ್ಪನ್ನು ಮರಳಿ ನೋಡಬೇಕೆಂಬ ಅರ್ಜಿಗಳು ೨೦೨೫ನೇ ಜನವರಿಯಲ್ಲಿ ತಳ್ಳಲ್ಪಟ್ಟವು. ಅರ್ಜಿದಾರರು ಮುಖ್ಯವಾಗಿ ಕೇಳಿದ್ದು ಸಹ ೧೯೫೪ನೇ ಇಸವಿಯ ವಿಶೇಷ ವಿವಾಹ ಕಾನೂನಿನ ಕೆಳಗೆ ರಿಜಿಸ್ಟ್ರಾರರ ಕಚೇರಿಯಲ್ಲಿ ಆಗುವ ಮದುವೆಯನ್ನು. ಆಯಾ ಮತದವರ ವಿವಾಹದ ಕಾನೂನುಗಳ ವಿಷಯಕ್ಕೆ ಕೋರ್ಟು ಕೈಹಾಕಲಿಲ್ಲ. ಆದಕಾರಣ ಅಯ್ಯನವರಿಗೆ ಅಪ್ಪಣೆ ಬಂದೀತೆಂಬ ಭಯಕ್ಕೆ ಆಧಾರವಿಲ್ಲ. ಆ ಭಯವನ್ನು ಬಿಟ್ಟು ಮುಂದಿನ ಸಂಗತಿಗಳನ್ನು ಗಮನವಿಟ್ಟು ಓದಿರಿ. ಅನ್ನ, ಹಣ, ಹಾಸಿಗೆ, ಮಣ್ಣು ಎಂಬ ನಾಲ್ಕರಲ್ಲಿ ದಿನದ ಬಾಳೆಲ್ಲ ಅಡಗಿದೆ.

ಅನ್ನದ ವಿಷಯ. ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುವ ಇಂಥ ಇಬ್ಬರನ್ನು ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರೆಂದು ಎಣಿಸಬೇಕೆಂದು ಕೇಂದ್ರ ಸರಕಾರದ ಆಹಾರ ಇಲಾಖೆಯು ರಾಜ್ಯಗಳಿಗೆ ಸೂಚನೆ ಕೊಟ್ಟಿದೆಯೆಂದು ೨೦೨೪ನೇ ಸಪ್ತಂಬರದಲ್ಲಿ ಪ್ರಕಟವಾಯಿತು.

ಹಣದ ವಿಷಯ. ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವದಕ್ಕೂ, ಒಬ್ಬರನ್ನೊಬ್ಬರು ನಾಮಿನಿಯಾಗಿ ಬರೆಸುವದಕ್ಕೂ ಯಾವ ಅಡ್ಡಿಯೂ ಇಲ್ಲವೆಂದು ೨೦೨೪ನೇ ಆಗಸ್ಟಿನಲ್ಲಿ ಹಣಕಾಸಿನ ಇಲಾಖೆಯು ತಿಳಿಸಿತು. ಆದರೆ ಇಲ್ಲಿ ಒಂದು ಎಚ್ಚರಿಕೆ. ನಾಮಿನಿಯು ಹಣವನ್ನು ಕೈಗೆ ತಕ್ಕೊಳ್ಳುವವನು ಮಾತ್ರ, ಒಡೆಯರು ವಾರಸುದಾರರೇ. ಭಾರತದ ಕ್ರೈಸ್ತರ ಆಸ್ತಿಯು ೧೯೨೫ನೇ ಇಸವಿಯ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗುತ್ತದೆ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳು, ರಕ್ತಸಂಬಂಧಿಗಳು ಉಂಟು. ಇಂಥ ಜೊತೆಗಾರನಿಗೆ ಸ್ಥಾನವಿಲ್ಲ. ಉಯಿಲು ಬರೆಯದೆ ಒಬ್ಬನು ತೀರಿಹೋದರೆ, ಇಪ್ಪತ್ತು ವರುಷ ಅವನೊಂದಿಗೆ ಬಾಳಿದವನಿಗೆ ಊಟದ ತಟ್ಟೆಯೂ ಹಕ್ಕಿನಿಂದ ಬಾರದು. ತನ್ನ ಸ್ವಂತ ಸಂಪಾದನೆಯನ್ನು ಇಷ್ಟವಾದವರಿಗೆ ಕೊಡಬೇಕೆನ್ನುವವನು ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ ಉಯಿಲನ್ನು ಬರೆದಿಡಬೇಕು. ರಿಜಿಸ್ಟರು ಮಾಡಿಸುವದು ಕಡ್ಡಾಯವಲ್ಲ, ಆದರೆ ಒಳ್ಳೇದು.

ಹಾಸಿಗೆಯ ವಿಷಯ, ಅಂದರೆ ರೋಗದ ಕಾಲ. ಮನೋರೋಗದ ಚಿಕಿತ್ಸೆಯಲ್ಲಿ ತನ್ನ ಪರವಾಗಿ ಮಾತಾಡತಕ್ಕವನನ್ನು ೨೦೧೭ನೇ ಇಸವಿಯ ಕಾನೂನಿನಂತೆ ಪ್ರಾಯಸ್ಥನು ತಾನೇ ಬರೆದು ನೇಮಿಸಬಹುದು. ಆ ವ್ಯಕ್ತಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಬೇರೆ ರೋಗಗಳಲ್ಲಿ ಹೀಗೆ ಸ್ಪಷ್ಟವಾದ ಕಾನೂನು ಇಲ್ಲದ್ದರಿಂದ, ಆಸ್ಪತ್ರೆಯ ಬಾಗಿಲಲ್ಲಿ "ನೀನು ರೋಗಿಗೆ ಏನಾಗಬೇಕು?" ಎಂಬ ಪ್ರಶ್ನೆಗೆ ಅನೇಕರು ಇನ್ನೂ ಮೌನವಾಗಿ ನಿಲ್ಲುತ್ತಾರೆ.

ಮಣ್ಣಿನ ವಿಷಯ. ಹತ್ತಿರದ ಬಂಧುಗಳು ಸಿಗದಿರುವಲ್ಲಿ ಜೊತೆಗಾರನೇ ಶವವನ್ನು ಪಡಕೊಳ್ಳಬಹುದೆಂದು ಆರೋಗ್ಯ ಇಲಾಖೆಯು ೨೦೨೪ನೇ ಆಗಸ್ಟಿನಲ್ಲಿ ರಾಜ್ಯಗಳಿಗೆ ಬರೆಯಿತು. ಬಂಧುಗಳು ಇದ್ದು ತಡೆದರೆ ಮಾತ್ರ ಅವರ ಕೈಯೇ ಮೇಲು.

ಮನೆಯಲ್ಲಿ ಕೂಡಿಹಾಕುವದನ್ನು ಕುರಿತು ಸಹ ಒಂದು ಮಾತು. ಪ್ರಾಯಕ್ಕೆ ಬಂದ ಮಗಳನ್ನು ಆಕೆಯ ಗೆಳತಿಯಿಂದ ಅಗಲಿಸಿ ಕೂಡಿಹಾಕುವ ಹಕ್ಕು ತಂದೆತಾಯಿಗಳಿಗಿಲ್ಲ. ೨೦೨೫ನೇ ಮೇ ತಿಂಗಳಲ್ಲಿ ಮದರಾಸು ಹೈಕೋರ್ಟಿನ ಇಬ್ಬರು ನ್ಯಾಯಾಧೀಶರು ಇಂಥ ಒಬ್ಬ ೨೫ ವರುಷದ ಯುವತಿಯನ್ನು ಬಿಡಿಸಿ, ಕುಟುಂಬವು ಮದುವೆಯಿಂದ ಮಾತ್ರ ಉಂಟಾಗುವದಲ್ಲವೆಂದು ಹೇಳಿದರು. ಇಂಥ ದಾವೆಗಳಲ್ಲಿ ಬುದ್ಧಿವಾದದ ನೆವದಿಂದ ಒಲವನ್ನು ಬಿಡಿಸಲು ನ್ಯಾಯಾಧೀಶರೂ ಯತ್ನಿಸಬಾರದೆಂದು ಸುಪ್ರೀಂ ಕೋರ್ಟು ೨೦೨೪ನೇ ಮಾರ್ಚಿನಲ್ಲಿಯೇ ಎಲ್ಲಾ ಹೈಕೋರ್ಟುಗಳಿಗೆ ತಿಳಿಸಿತ್ತು.

೫. ಕಥೆಯಲ್ಲಿಯೂ ಆಟದಲ್ಲಿಯೂ

ನಾವು ಕಾಣದ ಮನುಷ್ಯರನ್ನು ಕುರಿತು ನಮ್ಮ ಮನಸ್ಸು ಕಥೆಗಳಿಂದಲೇ ಚಿತ್ರ ಬರೆದುಕೊಳ್ಳುತ್ತದೆ. ಬಹುಕಾಲ ನಮ್ಮ ಸಿನೆಮಾಗಳಲ್ಲಿ ಇಂಥವರು ನಗೆಗಾಗಿ ಮಾತ್ರ ಬಂದು ಹೋದರು: ಸೊಂಟ ಬಳುಕಿಸುವ ಒಬ್ಬ, ಅವನನ್ನು ಕಂಡು ಓಡುವ ಇನ್ನೊಬ್ಬ. ನಮ್ಮ ಸಭೆಯ ಯೌವನಸ್ಥನು ಆ ಸಾಯಂಕಾಲ ತೋರಿಸಿದ್ದು ಅದನ್ನೇ. ಅವನು ಕೆಟ್ಟ ಹುಡುಗನಲ್ಲ. ಬೇರೊಂದು ಚಿತ್ರವನ್ನು ಅವನು ಕಂಡಿರಲಿಲ್ಲ.

ಬೇರೆ ಚಿತ್ರಗಳು ಈಗ ಉಂಟು. ಬಳ್ಳಾರಿ ಸೀಮೆಯ ಸಂಡೂರಿನವರಾದ ಕಥೆಗಾರ ವಸುಧೇಂದ್ರರು ೨೦೧೩ರಲ್ಲಿ "ಮೋಹನಸ್ವಾಮಿ" ಎಂಬ ಕಥಾಸಂಗ್ರಹವನ್ನು ಪ್ರಕಟಿಸಿದರು. ಅದರ ನಾಯಕನು ಗಂಡಸನ್ನು ಪ್ರೀತಿಸುವ ಗಂಡಸು. ಅಡಿಗೆ ಮಾಡುವವನು, ಕಚೇರಿಗೆ ಹೋಗುವವನು, ಒಂಟಿತನಕ್ಕೆ ಅಂಜುವವನು. ಗ್ರಂಥಕರ್ತರು ತಾವೂ ಅಂಥವರೇ ಎಂದು ಬಹಿರಂಗವಾಗಿ ಹೇಳಿದರು. ಕನ್ನಡದಲ್ಲಿ ಓದಬಲ್ಲ ಅನೇಕ ಯುವಕರಿಗೆ, ಲೋಕದಲ್ಲಿ ತಾನೊಬ್ಬನೇ ಅಲ್ಲವೆಂಬದು ಆ ಪುಸ್ತಕದಿಂದ ತಿಳಿಯಬಂತು.

ಒಡಿಶಾ ಸೀಮೆಯ ಚಾಕಾ ಗೋಪಾಲಪುರವೆಂಬ ಹಳ್ಳಿಯಲ್ಲಿ ಬಡ ನೇಕಾರರ ಮಗಳಾಗಿ ಹುಟ್ಟಿದ ದ್ಯುತಿ ಚಂದ್ ಎಂಬಾಕೆಯು ೨೦೧೮ರ ಏಷ್ಯಾದ ಆಟಗಳಲ್ಲಿ ೧೦೦ ಮೀಟರು, ೨೦೦ ಮೀಟರು ಎಂಬ ಎರಡು ಓಟಗಳಲ್ಲಿಯೂ ಬೆಳ್ಳಿಯ ಪದಕ ಪಡೆದಳು. ಮರುವರುಷ, ತಾನು ತನ್ನ ಊರಿನ ಒಬ್ಬ ಯುವತಿಯನ್ನು ಪ್ರೀತಿಸುವೆನೆಂದು ಹೇಳಿದಳು. ಮನೆಯವರಲ್ಲಿಯೇ ವಿರೋಧ ಎದ್ದಿತು. ದೇಶಕ್ಕೆ ಪದಕ ತಂದಾಗ ಆಕೆ ಎಲ್ಲರ ಮಗಳಾಗಿದ್ದಳು. ಸತ್ಯ ಹೇಳಿದ ದಿನ ತನ್ನ ಮನೆಯಲ್ಲಿಯೇ ಜಗಳಕ್ಕೆ ಕಾರಣಳಾದಳು. ಹಳ್ಳಿಯವರಾದ ನಮಗೆ ಈ ಮಾತು ಅರ್ಥವಾಗುವದು ಕಷ್ಟವಲ್ಲ.

೬. ನಮ್ಮ ಸ್ವಂತ ತಪ್ಪು

ಇಷ್ಟನ್ನು ಬರೆದು, ನಮ್ಮ ಕೈಯಿಂದ ಆದದ್ದನ್ನು ಮರೆಮಾಡಿದರೆ ಈ ಪಾಠವು ಸುಳ್ಳಾದೀತು.

೨೦೧೦ರಲ್ಲಿ ನಾವು ವಿದ್ಯಾಶಾಲೆಯಿಂದ ಹೊರಬಂದು ಮೊದಲನೆಯ ಊರಿನಲ್ಲಿ ಉಪದೇಶಿಯಾಗಿದ್ದೆವು. ದಿಲ್ಲಿಯ ತೀರ್ಪು ಬಂದು ಒಂದು ವರುಷವಾಗಿತ್ತು. ಅದನ್ನು ಪತ್ರಿಕೆಯಲ್ಲಿ ಓದಿ, ಪಟ್ಟಣದವರ ಸಂಗತಿ ಎಂದು ಮಡಚಿ ಇಟ್ಟಿದ್ದೆವು. ಆ ಊರಿನ ಒಂದು ಮನೆಯ ತಂದೆತಾಯಿಗಳು ಬಂದು, "ಮಗನು ಮದುವೆಗೆ ಒಪ್ಪುತ್ತಿಲ್ಲ, ನೀವೇ ಬುದ್ಧಿ ಹೇಳಬೇಕು" ಎಂದು ಬೇಡಿದರು. ಒಳ್ಳೇ ನಡತೆಯ ಹುಡುಗ. ಸಭೆಯಲ್ಲಿ ಹಾಡುಗಳನ್ನು ನಡಿಸುವವನು. ನಾವು ಅವನನ್ನು ಕರೆದು ಕೂರಿಸಿದೆವು. ಅವನು ಬಹಳ ಹೊತ್ತು ಕೈಗಳನ್ನು ಹಿಸುಕಿಕೊಂಡು, "ಅಣ್ಣಾ, ನಾನು ಯಾವ ಹುಡುಗಿಗೂ ಗಂಡನಾಗಲಾರೆ. ಹಾಗೆ ಹುಟ್ಟಿದವನಲ್ಲ" ಎಂದನು. ನಮಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ನಾವು ಹೆದರಿ, "ಮದುವೆಯಾದರೆ ಎಲ್ಲಾ ಸರಿಹೋಗುವದು" ಎಂದೆವು. ಮೂರು ಆದಿತ್ಯವಾರ ಮದುವೆಯ ಪ್ರಕಟನೆಯನ್ನು ಓದಿಸಲಾಯಿತು. ಅಡ್ಡಿಯಿದ್ದವರು ತಿಳಿಸಬಹುದೆಂದು ಕೇಳಿದಾಗ, ಅಡ್ಡಿಯನ್ನು ತಿಳಿದಿದ್ದ ನಾವು ಸುಮ್ಮನಿದ್ದೆವು.

ಮದುವೆ ಆಗಿ ಎರಡು ವರುಷಗಳಾದ ಮೇಲೆ ಆ ಸೊಸೆಯು ನಮ್ಮ ಮನೆಯ ಜಗಲಿಗೆ ಬಂದು, "ಉಪದೇಶಿಯವರೇ, ನನ್ನಲ್ಲಿ ಏನು ಕುಂದಿದೆ? ಊರವರು ನನ್ನನ್ನು ಬಂಜೆ ಅನ್ನುತ್ತಾರೆ. ಅವರು ನನ್ನನ್ನು ಹೊಡೆಯುವದಿಲ್ಲ, ಬೈಯುವದಿಲ್ಲ, ಮುಟ್ಟುವದೂ ಇಲ್ಲ" ಎಂದಳು. ನಾವು ಏನು ಹೇಳಿದೆವು? ತಾಳ್ಮೆಯಿಂದಿರು ಎಂದೆವು. ಆ ವರುಷದ ಕಡೆಯಲ್ಲಿ ಅವನು ಊರು ಬಿಟ್ಟುಹೋದನು. ಆಕೆ ತೌರುಮನೆಗೆ ಹೋದಳು. ಕೆಲವು ವರುಷಗಳ ತರುವಾಯ ಅವನ ತಾಯಿ ತೀರಿಹೋದಾಗ ಅವನು ಬಂದನು. ಸ್ಮಶಾನದ ಗೋಡೆಯ ಹೊರಗೆ ನಿಂತು ಮಣ್ಣು ಹಾಕುವದನ್ನು ನೋಡಿದನು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಾದ ಬಾಯಿ ನಮ್ಮದೇ ಆಗಿತ್ತು.

ಈಚೆಗೆ ನಾವು ಆಕೆಯ ತೌರೂರಿಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ಹೊಲಿಗೆಯ ಯಂತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ನಿಮಗೆ ನಿಜ ಹೇಳಿದ್ದರು. ನೀವು ನನಗೆ ಹೇಳಲಿಲ್ಲ" ಎಂದಳು. ಬಳಿಕ ಯಂತ್ರವನ್ನು ತಿರಿಗಿ ತುಳಿಯತೊಡಗಿದಳು. ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ, ನಾವೂ ಒತ್ತಾಯಪಡಿಸಲಿಲ್ಲ.

ಒಬ್ಬನ ಮಾನ ಉಳಿಸಬೇಕೆಂದು ಮಾಡಿದ ಮದುವೆಯಿಂದ ಇಬ್ಬರ ಬಾಳು ಕೆಟ್ಟಿತೆಂಬದನ್ನು ವಾಚಕರು ಗಮನಿಸಲಿ. ಇಂಥವರ ಹಕ್ಕು ಅವರದು ಮಾತ್ರವಲ್ಲ. ಅರಿಯದೆ ಅವರಿಗೆ ಕೊಡಲ್ಪಡುವ ನಮ್ಮ ಹೆಣ್ಣುಮಕ್ಕಳ ಹಕ್ಕು ಸಹ ಅದರೊಳಗೇ ಇದೆ.

೭. ನಾವು ಮಾಡತಕ್ಕದ್ದೇನು?

ವೇದವಾಕ್ಯಗಳ ಅರ್ಥವನ್ನು ಕುರಿತು ಲೋಕದ ಸಭೆಗಳೆಲ್ಲಾ ಈ ವಿಷಯದಲ್ಲಿ ಏಕಮನಸ್ಸಿನವುಗಳಲ್ಲ. ಆ ವಾದವನ್ನು ಈ ಪಾಠದಲ್ಲಿ ತೀರಿಸಲು ನಾವು ಹೊರಟವರಲ್ಲ. ಆದರೆ ಯಾವ ಪಕ್ಷದವರಾದರೂ ಒಪ್ಪತಕ್ಕ ಕೆಲವು ಸಂಗತಿಗಳಿವೆ.

ಮೊದಲನೆಯದು, ಮದುವೆ ಒಲ್ಲೆನೆನ್ನುವ ಮಗನನ್ನಾಗಲಿ ಮಗಳನ್ನಾಗಲಿ ಒತ್ತಾಯಪಡಿಸಬಾರದು. ಕಾರಣವನ್ನು ಕೇಳಿರಿ; ಹೇಳಿದರೆ ಹೊಡೆಯದೆ ಕೇಳಿರಿ; ಹೇಳದಿದ್ದರೆ ಕಾಯಿರಿ.

ಎರಡನೆಯದು, ಕೇಳಿದ್ದನ್ನು ಬಾವಿಯ ಕಟ್ಟೆಯಲ್ಲಿ ಹೇಳಬಾರದು. ಒಬ್ಬನು ನಂಬಿ ಹೇಳಿದ ಗುಟ್ಟು ಊರಲ್ಲಿ ಹರಡಿದ್ದರಿಂದ ಹಗ್ಗಕ್ಕೆ ಕೈಹಾಕಿದವರುಂಟು. ಯಾರಾದರೂ ಜೀವದ ಆಶೆಯನ್ನು ಬಿಟ್ಟ ಹಾಗೆ ಮಾತಾಡಿದರೆ ಒಂಟಿಯಾಗಿ ಬಿಡದೆ ಜೊತೆಯಲ್ಲಿರಿ. ೧೪೪೧೬ ಎಂಬ ಸರಕಾರದ ದೂರವಾಣಿಯಲ್ಲಿ ಹಗಲಿರುಳು ಹಣವಿಲ್ಲದೆ, ಕನ್ನಡದಲ್ಲಿಯೇ ಸಹಾಯ ಸಿಕ್ಕುವದು.

ಮೂರನೆಯದು, ಅಣಕವನ್ನು ಬಿಡಬೇಕು. ನಮ್ಮ ಹಬ್ಬದ ನಾಟಕಗಳಲ್ಲಿ ಇಂಥ ವೇಷ ಹಾಕಿ ನಗಿಸುವ ಪದ್ಧತಿಯನ್ನು ಈ ವರುಷದಿಂದಲೇ ನಿಲ್ಲಿಸಿರಿ. ನಗುವವರ ನಡುವೆ ನೆಲ ನೋಡುವ ತಾಯಿ ಎಲ್ಲಿ ಕೂತಿರುವಳೋ ನಮಗೆ ತಿಳಿಯದು.

ನಾಲ್ಕನೆಯದು, ಕೂಡಿಹಾಕುವದು, ಬಡಿಯುವದು, ಬೆದರಿಸಿ ಹಣ ಕೇಳುವದು ನಡೆದರೆ ಸುಮ್ಮನಿರಬಾರದು. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ದಲಿತರಿಗೂ ಬಡವರಿಗೂ ಹಣವಿಲ್ಲದೆ ವಕೀಲರ ಸಹಾಯ ಉಂಟು. ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುವದು ನಮ್ಮ ಶಾಲೆ ಓದಿದವರ ಕೆಲಸ.

ಐದನೆಯದು, ಊರು ಬಿಟ್ಟವರಿಗೆ ಹಿಂತಿರುಗುವ ದಾರಿಯನ್ನು ತೆರೆದಿಡಬೇಕು. ತಾಯಿಯ ಮಣ್ಣಿಗೆ ಬಂದವನನ್ನು ಗೋಡೆಯ ಹೊರಗೆ ನಿಲ್ಲಿಸುವ ಹಕ್ಕನ್ನು ಯಾವ ಕಾನೂನೂ ನಮಗೆ ಕೊಟ್ಟಿಲ್ಲ.

ಕೋರ್ಟಿನ ತೀರ್ಪು ದಿಲ್ಲಿಯಿಂದ ಹೊರಟು ಪತ್ರಿಕೆಯ ತನಕ ಒಂದು ದಿನದಲ್ಲಿ ಬರುತ್ತದೆ. ಪತ್ರಿಕೆಯಿಂದ ನಮ್ಮ ಹೊಸ್ತಿಲ ತನಕ ಬರಲು ಅದಕ್ಕೆ ಕಾಲಿಲ್ಲ. ಹೊತ್ತು ತರತಕ್ಕವರು ನಾವೇ. ನಾವು ಹದಿನೈದು ವರುಷ ತಡಮಾಡಿದೆವು. ಪ್ರಿಯ ವಾಚಕರೇ, ನೀವು ತಡಮಾಡಬೇಡಿರಿ.

ಮನೆಯಲ್ಲಿ ಕೂತು ವಿಚಾರಿಸತಕ್ಕ ಪ್ರಶ್ನೆಗಳು

೧. ೩೭೭ನೇ ಕಲಮು ಯಾವಾಗ ಬಂತು, ಯಾರಿಂದ ಬಂತು? ೨೦೧೮ರ ತೀರ್ಪಿನಿಂದ ಏನು ಬದಲಾಯಿತು?

೨. ನಮ್ಮ ದೇಶದಲ್ಲಿ ಇಂಥವರ ಮದುವೆಗೆ ಕಾನೂನು ಉಂಟೋ? ಅಯ್ಯನವರನ್ನು ಯಾರಾದರೂ ಒತ್ತಾಯಪಡಿಸಬಹುದೋ?

೩. ನಾಮಿನಿಗೂ ವಾರಸುದಾರನಿಗೂ ಇರುವ ಭೇದವೇನು? ಉಯಿಲಿಗೆ ಎಷ್ಟು ಸಾಕ್ಷಿಗಳು ಬೇಕು?

೪. ವಾಸಿಮಾಡುವೆನೆಂದು ಹೇಳುವವನ ಬಳಿಗೆ ಮಕ್ಕಳನ್ನು ಯಾಕೆ ಕರಕೊಂಡು ಹೋಗಬಾರದು?

೫. ನಮ್ಮ ಊರಿನಿಂದ ಹೋಗಿ ಹಿಂತಿರುಗದವರು ಯಾರಾದರೂ ಇದ್ದಾರೋ? ಅವರು ಯಾಕೆ ಹೋದರೆಂದು ನಾವು ಎಂದಾದರೂ ಕೇಳಿದೆವೋ? (ಈ ಕಡೆಯ ಪ್ರಶ್ನೆಗೆ ಬಾಯಿಂದ ಉತ್ತರ ಕೊಡಬೇಕಾಗಿಲ್ಲ.)